ಬಾಣ ಬಿಟ್ಟವಳು ಕಾಣಲೇಬೇಕು

ಘಟಪ್ರಭಾ, ಬುಧವಾರ

ಪ್ರೀತಿಯ ಕಿಶೋರ ಅವರಿಗೆ,

ರವಿವಾರ ನಾವು ಪಾತ್ರ ವಹಿಸಿ ಆಡುವ ದಾಳದ ಆಟದಲ್ಲಿ, ಮಂತ್ರದಿಂದ ಅದೃಶ್ಯಳಾಗಿದ್ದ ನನ್ನ ಪಾತ್ರ, ಬಿಲ್ಲುಗಾರ್ತಿ, ಒಬ್ಬ ಕಾವಲುಗಾರನಿಗೆ ಬಾಣ ಬಿಟ್ಟಳು. ಹೊಡೆದ ಕೂಡಲೇ ಮಂತ್ರ ಕಳಚುತ್ತದೆ ಎಂಬುದು ನಿಯಮ. ಆಟ ನಡೆಸುವ ನೀವು, "ಗದ್ದಲದಾಗ ಯಾರೂ ನೋಡಿಲ್ಲ ಬಿಡು," ಎಂದು ಅವಳನ್ನು ಉಳಿಸಿದಿರಿ.

ಹೋದ ತಿಂಗಳು ಇದೇ ತಪ್ಪಿಗೆ ನಮ್ಮ ಗೆಳೆಯ ಯಲ್ಲಾಲಿಂಗನ ಮಾಂತ್ರಿಕ ಸತ್ತಿದ್ದ. ಎರಡು ವರ್ಷ ಆಡಿದ ಪಾತ್ರ ಅದು. ನಿನ್ನೆ ಯಲ್ಲಾಲಿಂಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ನಿನಗ ನಿಯಮ ಬ್ಯಾರೆ ಐತಿ ಬಿಡವಾ. ನಾ ಇನ್ನ ಆಡಾಕ ಬರಂಗಿಲ್ಲ," ಎಂದ.

ನೀವೇ ಯಮಕನಮರಡಿಯ ಅವನ ಮನೆಗೆ ಹೋಗಿ ಅವನನ್ನು ಕರೆತನ್ನಿ. ಬಿಲ್ಲುಗಾರ್ತಿ ಕಂಡಳೆಂದು ಒಪ್ಪಿ, ಅವನೆದುರಿಗೇ ಉಳಿದ ಕಾವಲುಗಾರರ ಏಟಿನ ದಾಳ ಉರುಳಿಸಿ. ಬಿಲ್ಲುಗಾರ್ತಿ ಸತ್ತರೆ ನನಗೆ ದುಃಖವಾಗುತ್ತದೆ. ಆದರೆ ನನಗಾಗಿ ಸುಳ್ಳು ಹೇಳುವವರನ್ನು ಮದುವೆಯಾಗಲು ಭಯವಾಗುತ್ತದೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಸಂಘಮಿತ್ರಾ