ಎಡಗಡೆಯ ಗೊರಗೊರ

ಪ್ರೀತಿಯ ತಮ್ಮನಿಗೆ,

ಹೊಸ ಟ್ಯೂಬ್ ಕಳಿಸಬೇಡ. ನೀನು ಕೈಯಾರೆ ಮಾಡಿಕೊಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಎಡಗಡೆ ಗೊರಗೊರ ಅನ್ನುತ್ತದೆ, ಮಾತೆಲ್ಲ ಒಡೆದು ಕೇಳುತ್ತದೆ ಎಂದು ನಿನ್ನೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆನಲ್ಲ, ಅದನ್ನು ಮರೆತುಬಿಡು.

ಇವತ್ತು ಬೆಳಿಗ್ಗೆ ನೀನು ಹೇಳಿದಂತೆಯೇ ಅದರ ಎಡಬಲದ ಎರಡು ಟ್ಯೂಬುಗಳನ್ನೂ ಅದಲುಬದಲು ಮಾಡಿದೆ. ಟ್ಯೂಬ್ ಕೆಟ್ಟಿದ್ದರೆ ಸದ್ದು ಬಲಕ್ಕೆ ಬರಬೇಕಿತ್ತು, ಬರಲಿಲ್ಲ. ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಂಡೆ. ಆಗಲೂ ಎಡಗಡೆಯೇ. ಕೊನೆಗೆ ನಿನ್ನ ಭಾವನಿಗೆ ಕೊಟ್ಟೆ. ಅವರು ಕೇಳಿ, ತೆಗೆದು ಮೇಜಿನ ಮೇಲಿಟ್ಟು, "ಎರಡೂ ಕಡೆ ಚೆನ್ನಾಗೇ ಕೇಳ್ತಿದೆಯಲ್ಲೇ" ಎಂದರು.

"ಈಗಲೂ ಗೊರಗೊರ ಅಂತಿದೆ, ಇಲ್ಲಿವರೆಗೂ ಕೇಳ್ತಿದೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಪ್ಲಗ್ ಕಿತ್ತಾಯ್ತು ಕಣೇ."

ಹನ್ನೆರಡು ವರ್ಷದಿಂದ ಹೆಡ್‌ಫೋನಿನಲ್ಲಿ ಕಂಡವರ ಮಾತು ಕೇಳಿ ಟೈಪ್ ಮಾಡಿಯೇ ಅನ್ನ ತಿಂದವಳು ನಾನು. ಬಲಗಿವಿ ಮುಚ್ಚಿಕೊಂಡೆ. ಅವರ ತುಟಿ ಆಡುತ್ತಿತ್ತು, ಮಾತು ಮಾತ್ರ ಕೇಳಲಿಲ್ಲ.

ಕೂಡಲೇ ಕಿವಿ ಡಾಕ್ಟರ ಹತ್ತಿರ ಓಡಿದೆವು. ಮಾತ್ರೆ ಕೊಟ್ಟಿದ್ದಾರೆ. ಎಡಗಿವಿಯ ಶಕ್ತಿ ಎಷ್ಟು ಮರಳಿ ಬರುತ್ತದೋ ಎರಡು ವಾರ ಕಳೆಯದೆ ಹೇಳಲಾಗದಂತೆ. ಡಾಕ್ಟರು ಹೇಳಿದ್ದನ್ನೆಲ್ಲ ನಿನ್ನ ಭಾವನೇ ಬರೆದುಕೊಂಡರು. ನಾನು ಸುಮ್ಮನೆ ತಲೆಯಾಡಿಸುತ್ತ ಕೂತಿದ್ದೆ, ಇನ್ನೂ ನಂಬಿಕೆಯೇ ಬರುತ್ತಿಲ್ಲ.

ಸದ್ಯಕ್ಕೆ ಅಮ್ಮನಿಗೆ ಹೇಳಬೇಡ. ಭಾನುವಾರ ನೀನೊಬ್ಬನೇ ಬಾ. ಬಂದಾಗ ನನ್ನ ಬಲಗಡೆ ಕೂತು ಮಾತಾಡು.

ನಿನ್ನ ಬಾಯಿಬಡುಕಿ
ಅಕ್ಕ