ಸ್ವಿಚ್ ಒತ್ತಿದರೆ ಹದಿನೇಳು ಜನ

ಚಾಮರಾಜಪೇಟೆ, ಬೆಂಗಳೂರು
೭ನೇ ಜನವರಿ ೨೦೨೫, ಮಂಗಳವಾರ

ಮುದ್ದು ಇಂಚರಾ,

ಹೇಗಿದ್ದೀಯಮ್ಮಾ? ಕೆಮ್ಮು ಇಳಿಯಿತೇ? ಮೊನ್ನೆ ಭಾನುವಾರ ಹಾಸ್ಟೆಲ್ ಫೋನಿನಲ್ಲಿ ನಿನಗೆ ಸಿಕ್ಕಿದ್ದು ಐದು ನಿಮಿಷ. ಅದರಲ್ಲಿ ಎರಡು ನಿಮಿಷ ಕೆಮ್ಮಿದೆ, ಉಳಿದ ಮೂರು ನಿಮಿಷ ನಿಮ್ಮಮ್ಮ ಟೆಸ್ಟಿನ ಅಂಕ ಕೇಳಿದಳು. ಫೋನು ನನ್ನ ಕೈಗೆ ಬರುವ ಹೊತ್ತಿಗೆ ನಿನ್ನ ಹಿಂದೆ ಸಾಲಿನಲ್ಲಿದ್ದ ಹುಡುಗಿ "ಟೈಮ್ ಆಯ್ತು, ಇಡೇ" ಅಂತ ಕೂಗಿದ್ದು ಮಾತ್ರ ಕೇಳಿಸಿತು. ಮಲಗುವ ಮೊದಲು ಬಿಸಿನೀರಿಗೆ ಚಿಟಿಕೆ ಅರಿಸಿನ ಹಾಕಿ ಕುಡಿ. ಅಲ್ಲಿ ಬಿಸಿನೀರು ಕೇಳಿದರೆ ಗದರುತ್ತಾರಾದರೆ ಬಿಸಿಲಲ್ಲಾದರೂ ಸ್ವಲ್ಪ ಹೊತ್ತು ಕೂರು. ಇಲ್ಲಿ ನಾವೆಲ್ಲ ಕ್ಷೇಮ. ನನ್ನ ಎಡಮಂಡಿ ಹಳೆಯ ದೂರನ್ನೇ ಹೇಳುತ್ತಿದೆ. ನಿಮ್ಮಮ್ಮ ಬೆಳಗ್ಗೆ ಏಳಕ್ಕೇ ಲ್ಯಾಬಿಗೆ ಹೋಗಿ ಊರವರ ರಕ್ತ ತೆಗೆದು ಎರಡು ಗಂಟೆಗೆ ಬರುತ್ತಾಳೆ. ನಿಮ್ಮಪ್ಪ ಔಷಧಿ ಬ್ಯಾಗು ಹೊತ್ತು ಬಳ್ಳಾರಿ ಕಡೆ ಟೂರು ಹೋಗಿದ್ದಾನೆ. ಸಂಕ್ರಾಂತಿ ಹತ್ತಿರ ಬಂತಲ್ಲ, ಕೊಬ್ಬರಿ ಹೆಚ್ಚುವ ಕೆಲಸ ಈ ಸಲ ನನ್ನ ಪಾಲಿಗೆ. ನನ್ನ ಚೂರುಗಳನ್ನು ನೋಡಿ ನಿಮ್ಮಮ್ಮ, "ಅಪ್ಪಾಜಿ, ಇದು ಎಳ್ಳು ಬೀರೋದಕ್ಕಾ, ಇಲ್ಲ ಕಾಂಪೌಂಡ್ ಕಟ್ಟೋದಕ್ಕಾ?" ಅಂದಳು.

ಈಗ ಕಂಪ್ಯೂಟರಿನ ವಿಷಯ. ನೀನು ಹಾಲಿನಲ್ಲಿ ಬಿಟ್ಟುಹೋದ ನಿನ್ನ ಕಂಪ್ಯೂಟರ್ ವಿಪರೀತ ನಿಧಾನವಾಗಿದೆ. ಗಡಿಯಾರ ಎದುರಿಗಿಟ್ಟುಕೊಂಡು ನೋಡಿದೆ: ಸ್ವಿಚ್ ಒತ್ತಿದ ಮೇಲೆ ಅದು ನನ್ನ ಮಾತು ಕೇಳುವುದಕ್ಕೆ ಹನ್ನೊಂದು ನಿಮಿಷ. ಹಳೆಯ ಟೈಪ್‌ರೈಟರ್ ಇಟ್ಟುಕೊಂಡವರು ಎಲ್ಲೆಲ್ಲಿಂದಲೋ ನನಗೆ ಈಮೇಲ್ ಬರೆಯುತ್ತಾರಲ್ಲ, ಗಂಟೆ ಬಾರಿಸುತ್ತಿಲ್ಲ, ಸಾಲು ಹಾರುತ್ತಿದೆ, ಏನು ಮಾಡಲಿ ಅಂತ. ಅವರಿಗೆ ಉತ್ತರ ಬರೆಯುವ ಉತ್ಸಾಹವೇ ಈ ಹನ್ನೊಂದು ನಿಮಿಷದಲ್ಲಿ ಆರಿಹೋಗುತ್ತದೆ. ನಲವತ್ತು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವನು ನಾನು. ನಾನು ಒತ್ತದೆ ಅದರಲ್ಲಿ ಒಂದು ಅಕ್ಷರವೂ ಮೇಲೆದ್ದದ್ದಿಲ್ಲ. ಈ ಪೆಟ್ಟಿಗೆಯೊಳಗೆ ಮಾತ್ರ, ನಾನಿನ್ನೂ ಏನನ್ನೂ ಕೇಳಿರುವುದಿಲ್ಲ, ಆಗಲೇ ಗಡಿಬಿಡಿ ಶುರುವಾಗಿರುತ್ತದೆ.

ಮೂಲೆಯ ಜೆರಾಕ್ಸ್ ಅಂಗಡಿಯ ಶೀನಣ್ಣನನ್ನು ಕರೆದುಕೊಂಡು ಬಂದೆ. ಅವನು ಯಾವುದೋ ಮೂರು ಕೀ ಒಟ್ಟಿಗೆ ಒತ್ತಿ ಒಂದು ಪಟ್ಟಿ ತೆರೆದ. "ನೋಡಿ ಗಂಗಾಧರಯ್ಯನೋರೇ, ನೀವು ಸ್ವಿಚ್ ಹಾಕಿದ ತಕ್ಷಣ ಒಳಗೆ ಹದಿನೇಳು ಜನ ಒಟ್ಟಿಗೆ ಎದ್ದು ಒಂದೇ ಬಚ್ಚಲಿಗೆ ಓಡ್ತಾವ್ರೆ. ಅರ್ಧ ಜನಕ್ಕೆ 'ಮಲ್ಕೊಳ್ರಪ್ಪ, ಕರೆದಾಗ ಬನ್ನಿ' ಅನ್ನಿ, ಸರಿಹೋಗುತ್ತೆ" ಅಂದ. ಯಾರಿಗೆ ಅನ್ನಲಿ ಅಂತ ಕೇಳಿದೆ. "ಅದು ನಿಮ್ಮನೆ ವಿಚಾರ, ನಾನೆಂಗೆ ಹೇಳ್ಲಿ? ವೈರಸ್ ಕಾಯೋನೊಬ್ಬನ್ನ ಮಾತ್ರ ಮುಟ್ಟಬೇಡಿ" ಅಂತ ಹೇಳಿ, ಕಾಫಿ ಕುಡಿದು ಹೊರಟೇಹೋದ.

ಆ ಪಟ್ಟಿ ನೋಡುತ್ತಾ ಕೂತೆ. ಇಂಚರಾ, ನನಗೆ ಅರ್ಥವಾಗದ್ದನ್ನು ನಿನ್ನ ಹತ್ತಿರ ಮುಚ್ಚಿಡುವುದೇನಿದೆ, ಅರ್ಧಕ್ಕರ್ಧ ಹೆಸರು ತಿಳಿಯಲೇ ಇಲ್ಲ. ಒಂದೊಂದರ ಎದುರಿಗೂ ಅದು ಯಂತ್ರವನ್ನು ಎಷ್ಟು ತಡಮಾಡಿಸುತ್ತದೆ ಅಂತ ಬರೆದಿದೆ. ಹೆಚ್ಚು, ಕಡಿಮೆ, ಮಧ್ಯಮ. ನಾಲ್ಕರ ಎದುರಿಗೆ 'ಅಳೆದಿಲ್ಲ' ಅಂತಿದೆ. ಅಳೆಯದೆ ಹೇಗೆ ಒಳಗೆ ಬಿಟ್ಟುಕೊಂಡರು? ಪ್ರಿಂಟರಿನವನು ಒಬ್ಬ ಇದ್ದಾನೆ, ನಮ್ಮ ಪ್ರಿಂಟರ್ ಕೆಟ್ಟು ಎರಡು ವರ್ಷವಾದರೂ ದಿನವೂ ಎದ್ದು ಹುಡುಕುತ್ತಾನಂತೆ. ಅವನನ್ನು ಮಲಗಿಸಿದೆ. ನೀನು ಹತ್ತನೇ ಕ್ಲಾಸಿನಲ್ಲಿ ಆಡುತ್ತಿದ್ದ ಕಾರ್ ರೇಸಿನ ಆಟದವನನ್ನೂ ಮಲಗಿಸಿದೆ. ಆಮೇಲೆ ರಜಕ್ಕೆ ಬಂದಾಗ ಬೇಕಾದೀತು ಅನ್ನಿಸಿ ಎಬ್ಬಿಸಿದೆ. ಎಬ್ಬಿಸಿದರೆ ಮತ್ತೆ ಹನ್ನೊಂದು ನಿಮಿಷವಾದೀತು ಅಂತ ಪುನಃ ಮಲಗಿಸಿದೆ. ನಿನ್ನ ಫೋಟೋಗಳನ್ನೆಲ್ಲ ಎಲ್ಲಿಗೋ ಕಳಿಸಿ ಜೋಪಾನ ಮಾಡುವವನೊಬ್ಬನಿದ್ದಾನಲ್ಲ, ಅವನನ್ನು ನಿಲ್ಲಿಸಿದರೆ ಇರುವ ಫೋಟೋ ಉಳಿಯುತ್ತವೋ ಹೋಗುತ್ತವೋ? ಗೊತ್ತಿಲ್ಲದೆ ಮೂರು ಸಲ ಒತ್ತಿ ಮೂರು ಸಲ ಬಿಟ್ಟೆ. ಈಗ ಅವನು ಎದ್ದಿದ್ದಾನೋ ಮಲಗಿದ್ದಾನೋ ನನಗೇ ಲೆಕ್ಕ ತಪ್ಪಿದೆ. ಕೀಬೋರ್ಡಿನ ಚಿತ್ರವಿದ್ದ ಒಂದು ಹೆಸರು ಕಂಡಿತು. ಕೀಬೋರ್ಡು ಎದುರಿಗೇ ಇದೆ, ಅದಕ್ಕೆ ಬೇರೆ ಒಬ್ಬ ಆಳು ಯಾಕೆ ಅಂತ ತೆಗೆದುಹಾಕಿದೆ. ಮಾರನೆಯ ದಿನ ಧಾರವಾಡದ ಮೇಷ್ಟರಿಗೆ ಈಮೇಲ್ ಬರೆಯಲು ಹೋದರೆ ಕನ್ನಡವೇ ಮೂಡಲಿಲ್ಲ, ಬರೀ ಇಂಗ್ಲಿಷ್ ಅಕ್ಷರ ಸಾಲುಗಟ್ಟಿ ಬಂದವು. ಕನ್ನಡ ಬರೆಸುವವನೇ ಅವನಂತೆ! ಎದ್ದು ಹೋಗಿ ನೀರು ಕುಡಿದು ಬಂದು, ಅವನ ಹೆಸರಿಗೆ ಕೈಮುಗಿದು ಮತ್ತೆ ಎಬ್ಬಿಸಿದೆ.

ಇಷ್ಟೆಲ್ಲ ಕಂಪ್ಯೂಟರ್ ಪುರಾಣ ಯಾಕೆ ಕೊರೆಯುತ್ತಿದ್ದೇನೆ ಗೊತ್ತೇ? ನಿಮ್ಮ ಹಾಸ್ಟೆಲಿನಲ್ಲಿ ಪತ್ರ ಒಡೆದು ಓದುತ್ತಾರೋ ಇಲ್ಲವೋ ನನಗೆ ತಿಳಿಯದು. ಓದುವವರಾದರೆ ಇಷ್ಟು ಹೊತ್ತಿಗೆ ಆಕಳಿಸಿ ಮಡಚಿಟ್ಟಿರುತ್ತಾರೆ. ಇನ್ನು ಮುಂದಿನದು ನಿನಗೆ ಮಾತ್ರ.

ಆ ಹದಿನೇಳರಲ್ಲಿ ಒಂದು, ನೀನು ಗೆಳತಿಯರ ಜೊತೆ ಹರಟೆ ಬರೆಯುತ್ತಿದ್ದದ್ದು. ಕಂಪ್ಯೂಟರ್ ಎದ್ದ ಕೂಡಲೇ ಅದು ತಾನೇ ತೆರೆದುಕೊಂಡು ಪರದೆಯ ನಡುವೆ ಬಂದು ನಿಲ್ಲುತ್ತದೆ. ಇಷ್ಟು ದಿನ ಜಾಹೀರಾತು ಅಂದುಕೊಂಡು ಮೂಲೆಯ ಗುಣಾಕಾರದ ಗುರುತು ಒತ್ತಿ ಮುಚ್ಚುತ್ತಿದ್ದೆ. ಗುರುವಾರ, ಇದನ್ನು ಮಲಗಿಸಲೋ ಬೇಡವೋ ಎಂದು ತೀರ್ಮಾನಿಸಬೇಕಾಗಿತ್ತಲ್ಲ, ಅದೇನೆಂದು ಕನ್ನಡಕ ಹಾಕಿಕೊಂಡು ನೋಡಿದೆ. ಮೇಲೆ ಹಂಸಾ ಅಂತ ಹೆಸರು. ನಿನ್ನ ಜೊತೆ ಹತ್ತನೆಯವರೆಗೆ ಓದಿದ ಮಲ್ಲೇಶ್ವರದ ಹುಡುಗಿ, ನಮ್ಮ ಮನೆಯ ಜೋಳದ ರೊಟ್ಟಿ ತಿಂದು ಮುಗಿಸುತ್ತಿದ್ದವಳು. ಕೆಳಗೆ ಅವಳ ಮಾತು, ಅದರ ಕೆಳಗೆ ನಿನ್ನ ಮಾತು. ತಾರೀಕು ಅಂದಿನದೇ. ಹಳೆಯದಲ್ಲ. ನಿಮಗಲ್ಲಿ ಸ್ವಂತ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ, ನೀನು ಇರುವುದು ಮುನ್ನೂರೈವತ್ತು ಕಿಲೋಮೀಟರ್ ಆಚೆ, ನಿನ್ನ ಮಾತು ನಮ್ಮ ಹಾಲಿನಲ್ಲಿ ಹೇಗೆ ಮೂಡುತ್ತಿದೆ? ನಿಜ ಹೇಳುತ್ತೇನೆ, ಒಂದು ಗಳಿಗೆ ಹೆದರಿದೆ. ನಿನ್ನ ಹೆಸರು ಎತ್ತದೆ, ಹೀಗಾಗುವುದು ಸಾಧ್ಯವೇ ಅಂತ ಶೀನಣ್ಣನನ್ನು ಕೇಳಿದೆ. "ಒಂದೇ ಅಕೌಂಟ್ ಎರಡು ಕಡೆ ತೆಗೆದಿದ್ರೆ ಇಲ್ಲಿ ಬರೆದದ್ದು ಅಲ್ಲೂ ಕಾಣುತ್ತೆ ಸ್ವಾಮಿ" ಅಂದ. ಆಗ ನಿಮ್ಮ ಕಾಲೇಜಿನ ಲೈಬ್ರರಿಯ ಕಂಪ್ಯೂಟರ್ ನೆನಪಾಯಿತು.

ಓದಬಾರದಿತ್ತು. ಓದಿದೆ. "ಬಯಾಲಜಿ ಕ್ಲಾಸಿಗೆ ಹೋಗಿ ಹದಿನೈದು ದಿನ ಆಯ್ತು. ಜ್ವರ ಅಂತ ಸಿಕ್ ರೂಮಲ್ಲಿ ಮಲಗ್ತೀನಿ." "ಊಟದ ವಾಸ್ನೆ ಬಂದ್ರೆ ಹೊಟ್ಟೆ ತೊಳಸುತ್ತೆ." "ಆಗ್ತಿಲ್ಲ ಕಣೇ ಹಂಸಾ." ಅವಳು ಬರೆದಿದ್ದಳು: "ಅಮ್ಮಂಗೆ ಹೇಳೇ." ನೀನು: "ಅಮ್ಮ ನನ್ನನ್ನ ಡಾಕ್ಟರ್ ಅಂತಾನೇ ಲ್ಯಾಬಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದಿದಾಳೆ." ಅವಳು: "ನಿಮ್ ತಾತಂಗೆ ಹೇಳು, ಪಾಪ ಒಳ್ಳೇವ್ರು." ನೀನು: "ತಾತ ಒಳ್ಳೇವ್ರೇ. ಆದ್ರೆ ಅಮ್ಮನ ಪಾರ್ಟಿ."

ಆ ದಿನ ಉತ್ತರ ಬರೆಯಬೇಕಾದವರಿಗೆಲ್ಲ ಬರೆಯದೆ ಕಂಪ್ಯೂಟರ್ ಆರಿಸಿಬಿಟ್ಟೆ. ಆದರೆ ಶುಕ್ರವಾರ ಕಾಫಿಗೂ ಮೊದಲೇ ಸ್ವಿಚ್ ಒತ್ತಿದೆ. ಶನಿವಾರವೂ, ನಿನ್ನೆಯೂ. ಹನ್ನೊಂದು ನಿಮಿಷ ಅಲ್ಲಾಡದೆ ಕೂತು ಕಾದೆ. ನೀನು ಏನಾದರೂ ಬರೆದಿದ್ದರೆ, ಸದ್ಯ ಎದ್ದು ಲೈಬ್ರರಿಯವರೆಗೆ ನಡೆದಿದ್ದಾಳೆ ಅಂತ ಸಮಾಧಾನ. ಬರೆಯದ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ನಿಮ್ಮಮ್ಮ ಗಮನಿಸಿದಳು. "ಏನ್ ಅಪ್ಪಾಜಿ, ಟೈಪ್‌ರೈಟರ್ ಕಾಗದ ಇಷ್ಟೊಂದು ಬರ್ತಿದೆಯಾ? ಸ್ನಾನನೂ ಇಲ್ಲ, ವಿಭೂತಿನೂ ಇಲ್ಲ!" ಅಂದಳು. ಯಂತ್ರದ ವೇಗ ಪರೀಕ್ಷಿಸುತ್ತಿದ್ದೇನೆ ಅಂತ ಸುಳ್ಳು ಹೇಳಿದೆ. ಹದಿನೇಳರಲ್ಲಿ ಎಲ್ಲರಿಗಿಂತ ಹೆಚ್ಚು ತಡಮಾಡಿಸುತ್ತಿದ್ದವನು ಈ ಹರಟೆಯವನೇ, ಮೊದಲು ತೆಗೆಯಬೇಕಾದವನೂ ಇವನೇ. ಆದರೆ ತೆಗೆದರೆ ನೀನು ಉಂಡೆಯಾ ಇಲ್ಲವಾ ನನಗೆ ಹೇಳುವವರು ಯಾರು? ಬಿಟ್ಟರೆ, ಹದಿನೇಳು ವರ್ಷದ ಹುಡುಗಿ ಗೆಳತಿಗೆ ಹೇಳಿಕೊಂಡ ಗುಟ್ಟನ್ನು ಎಪ್ಪತ್ತೊಂದರ ಮುದುಕ ದಿನಾ ಕದ್ದು ಓದಬೇಕು. ಯಾವುದು ಸರಿ ಅಂತ ನಿನ್ನೆಯವರೆಗೆ ಗೊತ್ತಾಗಲಿಲ್ಲ. ಇವತ್ತು ಗೊತ್ತಾಗಿದೆ ಅಂತಲೂ ಧೈರ್ಯವಾಗಿ ಹೇಳಲಾರೆ.

ನನಗೆ ಕೆಲಸ ಕಲಿಸಿದ ಮುನಿರಾಮಪ್ಪ ಮೇಸ್ತ್ರಿ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದರು. ಎಲೆಕ್ಟ್ರಿಕ್ ಟೈಪ್‌ರೈಟರಿನ ರಿಬ್ಬನ್ ಒಂದೇ ಸಲ ಓಡುವುದು. ಹೊಡೆದ ಅಕ್ಷರವೆಲ್ಲ ಅದರ ಮೇಲೆ ಅಚ್ಚಾಗಿ ಉಳಿಯುತ್ತದೆ, ಬೆಳಕಿಗೆ ಹಿಡಿದರೆ ಓದಬಹುದು. ಗಾಂಧಿನಗರದ ಸಿನಿಮಾ ಆಫೀಸುಗಳಲ್ಲಿ, ವಕೀಲರ ಮನೆಗಳಲ್ಲಿ ನಾವು ಬಿಚ್ಚುತ್ತಿದ್ದ ರಿಬ್ಬನ್ನಿನಲ್ಲಿ ಯಾರು ಯಾರನ್ನು ಬಿಟ್ಟರು, ಯಾವ ಪಿಕ್ಚರ್ ಮುಳುಗಿತು, ಎಲ್ಲ ಇರುತ್ತಿತ್ತು. "ರಿಬ್ಬನ್ ಬಿಚ್ಚೋನಿಗೆ ಓದು ಬರಬಾರದು ಕಣೋ" ಅನ್ನುತ್ತಿದ್ದರು. ಬಿಚ್ಚಿದ್ದನ್ನು ಹಾಗೇ ಪೇಪರಿನಲ್ಲಿ ಸುತ್ತಿ ಯಜಮಾನರ ಕೈಗೇ ಕೊಡಬೇಕು. ನಲವತ್ತು ವರ್ಷ ಪರರ ಒಂದು ಸಾಲನ್ನೂ ಓದದವನು ಸ್ವಂತ ಮೊಮ್ಮಗಳದ್ದನ್ನು ನಾಲ್ಕು ದಿನ ಓದಿದೆ. ತಪ್ಪಾಯಿತಮ್ಮಾ. ಇವತ್ತು ಬೆಳಗ್ಗೆ ಪಟ್ಟಿಯಲ್ಲಿ ಆ ಹರಟೆಯವನ ಹೆಸರಿನ ಮೇಲೆ ಹೋಗಿ ಮಲಗಿಸಿಬಿಟ್ಟೆ. ಯಂತ್ರ ಆರಿಸಿ ಮತ್ತೆ ಹಚ್ಚಿ ನೋಡಿದೆ. ನಾಲ್ಕೇ ನಿಮಿಷಕ್ಕೆ ಎದ್ದಿತು, ಪರದೆ ಖಾಲಿ ಇತ್ತು. ಹಂಸಾಳಿಗೂ ನಿನಗೂ ನಡುವೆ ಇನ್ನು ನಾನಿಲ್ಲ. ಅವಳನ್ನು ಬೈಯಬೇಡ, ಅವಳಿಗೇನೂ ಗೊತ್ತಿಲ್ಲ.

ತಾತ ಅಮ್ಮನ ಪಾರ್ಟಿ ಅಂತ ನೀನು ಹೇಳಿದ್ದು ಸುಳ್ಳಲ್ಲ. ಆ ಹಾಸ್ಟೆಲಿಗೆ ಸೇರಿಸುವ ದಿನ ನೀನು ಅಡುಗೆಮನೆ ಬಾಗಿಲಲ್ಲಿ ನಿಂತು "ತಾತಾ, ನೀವೇನಂತೀರಾ?" ಅಂತ ಕೇಳಿದೆ. ನಾನು "ಎರಡು ವರ್ಷ ತಾನೇ, ಕಳೆದುಹೋಗುತ್ತೆ ಬಿಡು" ಅಂದೆ. ನಿನ್ನ ಮುಖ ಸರಿಯಾಗಿ ನೋಡಲೂ ಇಲ್ಲ. ಫಾರಂನಲ್ಲಿ ಗಾರ್ಡಿಯನ್ ಜಾಗದಲ್ಲಿ ನಾನೂ ಸಹಿ ಹಾಕಿದ್ದೇನೆ. ನಿಮ್ಮಮ್ಮ ಕೆಟ್ಟವಳಲ್ಲ ಕಣಮ್ಮ. ದಿನವೂ ಡಾಕ್ಟರುಗಳ ಪಕ್ಕ ನಿಂತು ನಿಂತು, ಮಗಳು ಆ ಕುರ್ಚಿಯಲ್ಲಿ ಕೂರಲಿ ಅಂತ ಅವಳಾಸೆ. ನಿನಗೆ ಅದು ಬೇಡವೋ, ಆ ಹಾಸ್ಟೆಲ್ ಮಾತ್ರ ಬೇಡವೋ, ಇಲ್ಲ ಕೆಮ್ಮು ನಿಂತು ನಾಲ್ಕು ದಿನ ಮನೆಯ ಅನ್ನ ಉಂಡರೆ ಎಲ್ಲ ಬೇಕೆನ್ನಿಸುತ್ತದೋ, ನನಗೆ ತಿಳಿಯದು. ಕದ್ದು ಓದಿದ್ದರಿಂದ ಅಷ್ಟು ಗೊತ್ತಾಗಲಿಲ್ಲ. ನೀನೇ ಹೇಳಬೇಕು. ನಿಮ್ಮಮ್ಮನಿಗೆ ನಾನು ಒಂದು ಮಾತೂ ಹೇಳಿಲ್ಲ.

ಹೊಟ್ಟೆಗೆ ಏನಾದರೂ ಹಾಕಿಕೋ, ಮೊಸರನ್ನವಾದರೂ ಎರಡು ತುತ್ತು. ದೇವರು ನಿನ್ನ ಕೈ ಬಿಡದಿರಲಿ. ನಿನ್ನ ಹಾಸಿಗೆಯ ಮೇಲೆ ನಿಮ್ಮಮ್ಮ ಹೊಸ ಹೊದಿಕೆ ಹಾಸಿದ್ದಾಳೆ, ನೋಡಿದೆ ಅಂತ ಬರೆದೆ.

ನಿನ್ನ ತಾತ,
ಗಂಗಾಧರಯ್ಯ

ತಾ.ಕ.: ಗೇಟಿನ ಸದ್ದಾಯಿತು, ನಿಮ್ಮಮ್ಮ ಬಂದಳು, ಬೇಗ ಬರೆಯುತ್ತೇನೆ. ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತಿದ್ದೇನೆ. ಭಾನುವಾರ ಭೇಟಿಯ ದಿನವಲ್ಲವೇ, ಹತ್ತು ಗಂಟೆಗೆ ನಿಮ್ಮ ಗೇಟಿನಲ್ಲಿರುತ್ತೇನೆ. ಎಳ್ಳು ಬೆಲ್ಲ ಕೊಟ್ಟು ಬರುತ್ತೇನೆ ಅಂತಷ್ಟೇ ಮನೆಯಲ್ಲಿ ಹೇಳಿದ್ದು. ಹೋಗುವುದಕ್ಕೆ ಒಂದು ಟಿಕೆಟ್, ಬರುವುದಕ್ಕೆ ಎರಡು ತೆಗೆದಿದ್ದೇನೆ. ಎರಡನೆಯದು ನಿನ್ನ ಹೆಸರಿನಲ್ಲಿದೆ. ಇಲ್ಲೇ ಇರುತ್ತೇನೆ ತಾತಾ ಅಂದರೆ ಆ ಸೀಟಿನ ಮೇಲೆ ನನ್ನ ಚೀಲ ಇಟ್ಟುಕೊಂಡು ವಾಪಸ್ ಬರುತ್ತೇನೆ, ಯಾಕೆ ಅಂತ ಕೇಳುವುದಿಲ್ಲ. ಬರುತ್ತೇನೆ ಅಂದರೆ, ವಾರ್ಡನ್ ಹತ್ತಿರ ಮಾತಾಡುವುದು, ನಿಮ್ಮಮ್ಮನ ಹತ್ತಿರ ಮಾತಾಡುವುದು ಎರಡೂ ನನ್ನ ಕೆಲಸ. ನೀನು ಚಪ್ಪಲಿ ಹಾಕಿಕೊಂಡು ಬಂದರೆ ಸಾಕು.