ಮುಚ್ಚಳಿಕೆ ಬರೆಯದವಳು

ಮಾರ್ಚ್ ೧೪, ಮಂಗಳವಾರ

ನನ್ನ ಬಂಗಾರದಂಥ ಮಗನಿಗೆ,

ಅಮ್ಮನ ಆಶೀರ್ವಾದ. ಇದನ್ನು ನಿನಗಿಂತ ಮೊದಲು ಓದೋ ಜೈಲಿನ ಸಾಹೇಬರಿಗೂ ಒಂದು ನಮಸ್ಕಾರ. ಕಾಗದ ತಡವಾಯ್ತು ಅಂತ ಕೋಪ ಮಾಡ್ಕೋಬೇಡ ಕಣೋ. ಎರಡು ಸಲ ಬರೆದು ಹರಿದು ಹಾಕಿದೆ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ನಿನಗೆ ಗೊತ್ತೇ ಇದೆ, ಜೊತೆಗೆ ಏನು ಬರೀಬೇಕು ಅನ್ನೋದೂ ತೋಚಲಿಲ್ಲ.

ಮನೇಲಿ ಎಲ್ಲರೂ ಚೆನ್ನಾಗಿದ್ದೀವಿ. ನಿನ್ನ ಹೆಂಡತಿ ಹೊಲಿಗೆ ಅಂಗಡಿಗೆ ಹೋಗ್ತಿದ್ದಾಳೆ, ಕಾಜಾ ಹಾಕೋ ಕೆಲಸ ಮನೆಗೂ ತರ್ತಾಳೆ. ನಾನು ಗುಂಡಿ ಹೊಲಿದುಕೊಡ್ತೀನಿ. ನಿನ್ನ ಮಗಳು ಈಗ ಗೋಡೆ ಹಿಡೀದೆ ನಡೀತಾಳೆ. ನೀನು ಒಳಗೆ ಹೋದಾಗ ಇನ್ನೂ ಅಂಬೆಗಾಲು. ಅಡುಗೆಮನೆ ನಲ್ಲಿ ಸೋರೋದು ಮಾತ್ರ ನಿಂತಿಲ್ಲ. ಊರಿಗೆಲ್ಲ ಪೈಪು ರಿಪೇರಿ ಮಾಡೋನ ಮನೇಲೇ ಹೀಗೆ ಅಂತ ಪಕ್ಕದ ಮನೆ ದೊಡ್ಡಮ್ಮ ನಗ್ತಾಳೆ.

ಭಾನುವಾರ ನಗರಸಭೆ ಎದುರಿನ ಸಭೆಗೆ ನನ್ನನ್ನ ಕರ್ಕೊಂಡು ಹೋಗಿದ್ದರು. ಚರಂಡಿಗೆ ಇಳಿದು ಉಸಿರುಗಟ್ಟಿ ಸತ್ತರಲ್ಲ, ಆ ಇಬ್ಬರ ಹೆಂಡತಿಯರೂ ಬಂದಿದ್ದರು. ಚಿಕ್ಕವಳು ನನ್ನ ಕೈ ಹಿಡ್ಕೊಂಡು, "ನಿಮ್ಮ ಮಗ ಧರಣಿ ಕೂರದಿದ್ರೆ ನಮ್ಮನ್ನ ಕೇಳೋರೇ ಇರ್ಲಿಲ್ಲ ಅಮ್ಮ" ಅಂದಳು. ನನಗೆ ಅಳು ಬಂತು.

ಸಂಘದ ಕಾರ್ಯದರ್ಶಿ, ಅದೇ ನಮ್ಮ ಮೀಸೆ, ಈಗ ಮೀಸೆ ಬೋಳಿಸಿದ್ರೂ ಹೆಸರು ಅವನನ್ನ ಬಿಟ್ಟಿಲ್ಲ, ಮೈಕಿನಲ್ಲಿ ನನ್ನ ಹಳೇ ಪುರಾಣವೆಲ್ಲ ಬಿಚ್ಚಿದ. ಆಸ್ಪತ್ರೆಯ ರಕ್ತದ ಬಟ್ಟೆ ಬರಿಗೈಲಿ ಒಗೆಯಲ್ಲ, ಕೈಗವಸು ಕೊಡಿ ಅಂತ ನಾವು ಹೆಂಗಸರು ಮುಷ್ಕರ ಹೂಡಿದ್ದು, 'ಇನ್ನು ಇಂಥದ್ದು ಮಾಡಲ್ಲ' ಅಂತ ಮುಚ್ಚಳಿಕೆ ಬರೆದುಕೊಟ್ಟು ಉಳಿದವರು ಮನೆಗೆ ಹೋದ್ರೂ ನಾನೊಬ್ಬಳು ಬರೆಯದೆ ವರ್ಷಪೂರ್ತಿ ಜೈಲಲ್ಲಿ ಕೂತಿದ್ದು, ಎಲ್ಲಾ ಹೇಳಿದ. "ಆ ತಾಯಿಯ ಮಗ ಮುಚ್ಚಳಿಕೆ ಬರೀತಾನಾ?" ಅಂತ ಕೇಳಿದ. ಜನ "ಇಲ್ಲ" ಅಂತ ಕೂಗಿದರು. ಆಮೇಲೆ ಮೈಕು ನನ್ನ ಕೈಗೆ ಕೊಟ್ಟ.

"ನನ್ನ ಮಗ ಜೈಲಲ್ಲೇ ಮುದುಕನಾದ್ರೂ ಸರಿ, ತಲೆ ತಗ್ಗಿಸಲ್ಲ" ಅಂದೆ. ಚಪ್ಪಾಳೆಯೋ ಚಪ್ಪಾಳೆ. ನಿನ್ನ ಹೆಂಡತಿ ಮಾತ್ರ ತಟ್ಟಲಿಲ್ಲ, ಮಗೂನ ಎತ್ಕೊಂಡು ಎದ್ದು ಹೋದಳು. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಅವಳ ಮೇಲೆ ನನಗೇನೂ ಬೇಜಾರಿಲ್ಲ.

ಹೊತ್ತೊತ್ತಿಗೆ ಊಟ ಮಾಡು. ಬರೀ ನೆಲದ ಮೇಲೆ ಮಲಗಬೇಡ, ಬೆನ್ನು ಹಿಡ್ಕೊಳ್ಳುತ್ತೆ. ನನ್ನ ಆಯಸ್ಸೂ ನಿನಗೇ ಸೇರಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತಿದ್ದಲ್ಲ, ಮೇಲೆ ಬರೆಯೋಕೆ ಧೈರ್ಯ ಬರ್ಲಿಲ್ಲ. ನಾನು ಒಳಗಿದ್ದಾಗ ನೀನಿನ್ನೂ ಹುಟ್ಟಿರಲಿಲ್ಲ, ನಿಮ್ಮಕ್ಕ ನಿನ್ನ ಮಗಳಷ್ಟಿದ್ದಳು. ನಿಮ್ಮಪ್ಪ ಲಾರಿ ಮೇಲೆ ಹೋದ್ರೆ ವಾರಗಟ್ಟಲೆ ಪತ್ತೆಯಿಲ್ಲ, ಪಕ್ಕದ ಮನೆ ದೊಡ್ಡಮ್ಮನೇ ಅವಳನ್ನ ಸಾಕಿದ್ದು. ನಾನು ಹೊರಗೆ ಬಂದು ಎತ್ಕೊಳ್ಳೋಕೆ ಹೋದರೆ ಕಿರುಚಿಕೊಂಡು ದೊಡ್ಡಮ್ಮನ ಬೆನ್ನ ಹಿಂದೆ ಅವಿತಳು. ಸಣ್ಣ ಮಗು, ಸರಿಹೋಗುತ್ತೆ ಅಂದ್ಕೊಂಡೆ. ಹೋಗಲಿಲ್ಲ ಕಣೋ. ಅವಳ ಹೆರಿಗೆ ಹೊತ್ತಲ್ಲಿ ನಾನು ಪಕ್ಕದಲ್ಲೇ ನಿಂತು ಕೈ ಹಿಡಿದಿದ್ದೆ. ನೋವು ತಡೀಲಾರದೆ ಅವಳು ಕೂಗಿದ್ದು "ದೊಡ್ಡಮ್ಮಾ" ಅಂತ.

ನಮ್ಮ ಮುಷ್ಕರ ಸರಿ, ನಿನ್ನ ಧರಣಿಯೂ ಸರಿ. ಇವತ್ತಿಗೂ ಹಾಗೇ ಅಂತೀನಿ. ಆದರೆ ಶುಕ್ರವಾರ ವಕೀಲರು ಮುಚ್ಚಳಿಕೆ ಕಾಗದ ತರ್ತಾರಂತೆ. ಸಹಿ ಹಾಕಿ ಮನೆಗೆ ಬಾ. ಯಾರಾದ್ರೂ ಮುಖಕ್ಕೆ ಉಗಿದ್ರೆ, ನಮ್ಮಮ್ಮ ಹಾಕಿಸಿದಳು ಅನ್ನು.